ಹಲ್ಲಿನ ಅಂಟುಪದರಕ್ಕೆ ಫ್ಲೋರೈಡ್ ಮತ್ತು ನ್ಯಾನೋಕಣ: ಮನೆಯಲ್ಲಿ, ಕ್ಲಿನಿಕ್‌ನಲ್ಲಿ, ಲ್ಯಾಬಿನಲ್ಲಿ ಬಳಸುವ ಬಗೆ

ಬೆಳಿಗ್ಗೆ ಚೆನ್ನಾಗಿ ಹಲ್ಲುಜ್ಜಿದವರೂ ಸಂಜೆ ಹೊತ್ತಿಗೆ ವಸಡಿನ ಅಂಚಿನಲ್ಲಿ ಉಗುರು ಎಳೆದರೆ ಬಿಳಿ ಲೋಳೆ ಸಿಗುತ್ತದೆ. ಅದು ಊಟದ ಚೂರಲ್ಲ, ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಪದರ. ಹುಳುಕಿನ ಮಟ್ಟಿಗೆ ಇಲ್ಲಿ ಮುಖ್ಯ ಆರೋಪಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ಸಕ್ಕರೆಯಲ್ಲೂ ಬೆಲ್ಲದಲ್ಲೂ ಇರುವ ಸುಕ್ರೋಸ್ ಸಿಕ್ಕರೆ ಅದು ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಇನ್ನೊಂದು ಪಾಲಿನಿಂದ ನೀರಿನಲ್ಲಿ ಕರಗದ ಗ್ಲೂಕಾನ್ ಎಂಬ ಗೋಂದು ತಯಾರಿಸುತ್ತದೆ. ಗೋಂದಿನೊಳಗೆ ಹುಟ್ಟಿದ ಆಮ್ಲ ಬೇಗ ಹೊರಗೆ ಹೋಗುವುದಿಲ್ಲ. ಜೊಲ್ಲು ಒಳಗಿಳಿದು ಅದನ್ನು ತಟಸ್ಥಗೊಳಿಸುವುದೂ ಕಷ್ಟ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗತೊಡಗುತ್ತವೆ.

ಫ್ಲೋರೈಡ್ ಕೆಲಸ ಮಾಡುವುದು ಮುಖ್ಯವಾಗಿ ಹಲ್ಲಿನ ಖನಿಜದ ಮೇಲೆ. ಕರಗಿದ ಖನಿಜ ಮತ್ತೆ ಕೂಡಿಕೊಳ್ಳುವುದನ್ನು ಅದು ಚುರುಕುಗೊಳಿಸುತ್ತದೆ. ಹಾಗೆ ಕೂಡಿಕೊಂಡ ಫ್ಲೋರೈಡ್‌ಯುಕ್ತ ಹರಳು ಕರಗಬೇಕಾದರೆ ಪಿಎಚ್ 4.5ರ ಹತ್ತಿರಕ್ಕೆ ಇಳಿಯಬೇಕು. ಆದರೆ ಪೇಸ್ಟಿನಲ್ಲಿರುವ ಪ್ರಮಾಣದ ಫ್ಲೋರೈಡ್‌ಗೆ ಗೋಂದನ್ನು ಒಡೆಯುವ ಶಕ್ತಿ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದಾದ ನ್ಯಾನೋಕಣಗಳ ಮೇಲೆ ಇಷ್ಟು ಆಸೆ ಹುಟ್ಟಿರುವುದು ಇದೇ ಕಾರಣಕ್ಕೆ: ಕೆಲವು ಕಣಗಳು ಪದರದೊಳಗೆ ನುಗ್ಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಕೆಲವು ಗೋಂದನ್ನೇ ಚೂರು ಮಾಡುತ್ತವೆ. ಒಂದರ ಕೆಲಸವನ್ನು ಇನ್ನೊಂದರಿಂದ ನಿರೀಕ್ಷಿಸಿದಾಗಲೇ ಹಣವೂ ಹಲ್ಲೂ ಎರಡೂ ಹೋಗುವುದು.

ನಮ್ಮ ನೀರಿನ ಮಾತು

ಪಾವಗಡ, ಬಾಗೇಪಲ್ಲಿ ಕಡೆಯ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲು, ಮೂಳೆ ಕೆಡುವುದು) ಸುದ್ದಿ ಓದಿ ಮಂಗಳೂರಿನಲ್ಲಿ ಫ್ಲೋರೈಡ್ ಇಲ್ಲದ ಪೇಸ್ಟ್ ಹುಡುಕುವವರಿದ್ದಾರೆ. ಅಲ್ಲಿನ ಸಮಸ್ಯೆ ಆಳದ ಬೋರ್‌ವೆಲ್ ನೀರಿನದು. ಮಂಗಳೂರಿಗೆ ಬರುವುದು ತುಂಬೆಯ ಅಣೆಕಟ್ಟಿನಿಂದ ನೇತ್ರಾವತಿಯ ನೀರು, ಉಡುಪಿಗೆ ಬರುವುದು ಬಜೆಯಿಂದ ಸ್ವರ್ಣೆಯ ನೀರು. ಮಳೆ ಹೊಡೆದು ತೊಳೆದ ಮುರಕಲ್ಲಿನ ನೆಲದ ತೆರೆದ ಬಾವಿಗಳಲ್ಲೂ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆಯೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಮನೆಯವರು ಕುಡಿಯುವುದು ಬೋರ್‌ವೆಲ್ ನೀರಾದರೆ ಒಮ್ಮೆ ಪರೀಕ್ಷೆ ಮಾಡಿಸಿ. ಹೆಚ್ಚಿಲ್ಲ ಎಂದಾದರೆ ಕರಾವಳಿಯ ಮಕ್ಕಳಿಗೆ ಫ್ಲೋರೈಡ್ ಸಿಗುವ ಮುಖ್ಯ ದಾರಿ ಪೇಸ್ಟ್ ಒಂದೇ. ಆರ್‌ಒ ಫಿಲ್ಟರ್ ನೀರಿನಲ್ಲಿದ್ದ ಅಲ್ಪಸ್ವಲ್ಪವನ್ನೂ ತೆಗೆದುಬಿಡುತ್ತದೆ.

ಮೊದಲು ಪದರ ಎಲ್ಲಿದೆ ನೋಡಿ

ಕಾಣದ ಶತ್ರುವಿಗೆ ಮದ್ದು ಹಚ್ಚುವುದು ವ್ಯರ್ಥ. ದಂತ ಸಾಮಗ್ರಿ ಅಂಗಡಿಗಳಲ್ಲಿ ಪದರಕ್ಕೆ ಬಣ್ಣ ಹಿಡಿಸಿ ತೋರಿಸುವ, ಎರಿಥ್ರೋಸಿನ್ ಬಣ್ಣದ ಡಿಸ್‌ಕ್ಲೋಸಿಂಗ್ ಮಾತ್ರೆ ಅಥವಾ ದ್ರಾವಣ ಸಿಗುತ್ತದೆ. ರಾತ್ರಿ ಉಜ್ಜಿದ ಮೇಲೆ ಒಂದು ಮಾತ್ರೆ ಅಗಿದು, ಅರ್ಧ ನಿಮಿಷ ಬಾಯೆಲ್ಲ ಆಡಿಸಿ, ಉಗುಳಿ, ಒಮ್ಮೆ ಮುಕ್ಕಳಿಸಿ ಕನ್ನಡಿಯಲ್ಲಿ ನೋಡಿ. ಗುಲಾಬಿ ಬಣ್ಣ ಉಳಿದಲ್ಲೆಲ್ಲ ಬ್ರಷ್ ಮುಟ್ಟಿಲ್ಲ. ಎರಡು ಬಣ್ಣದ ದ್ರಾವಣವಾದರೆ ಹಳೆಯ ದಪ್ಪ ಪದರ ನೀಲಿ-ನೇರಳೆಯಾಗಿ ಕಾಣುತ್ತದೆ. ಹುಳುಕು ಹೆಚ್ಚಾಗಿ ಶುರುವಾಗುವುದು ಅಲ್ಲಿ. ಬಿಳಿ ಅಂಗಿ ತೆಗೆದಿಟ್ಟು ಮಾಡಿ. ಚಿಕ್ಕ ಮಕ್ಕಳಿಗಾದರೆ ಹತ್ತಿಗೆ ದ್ರಾವಣ ಅದ್ದಿ ಅಪ್ಪ-ಅಮ್ಮನೇ ಹಚ್ಚುವುದು ಒಳ್ಳೆಯದು.

ಬಣ್ಣ ಉಳಿಯುವ ಜಾಗಗಳು ಬಹುತೇಕ ಎಲ್ಲರಲ್ಲೂ ಒಂದೇ. ಬಾಟಲಿ ಹಾಲು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಮಕ್ಕಳಲ್ಲಿ ಮೇಲಿನ ಮುಂದಿನ ನಾಲ್ಕು ಹಲ್ಲಿನ ವಸಡಿನಂಚು, ಎಲ್ಲರಲ್ಲೂ ಕೆಳಗಿನ ದವಡೆ ಹಲ್ಲಿನ ನಾಲಿಗೆ ಬದಿ, ಹಲ್ಲು-ಹಲ್ಲಿನ ನಡುವಿನ ಸಂದು. ದವಡೆ ಹಲ್ಲಿನ ಮೇಲಿನ ಸೀಳುಗಳು ಬ್ರಷ್ಷಿನ ಎಳೆಗಿಂತ ಕಿರಿದು. ಅಲ್ಲಿ ಎಷ್ಟು ತಿಕ್ಕಿದರೂ ತಳಕ್ಕೆ ಹೋಗದು. ಆರನೇ ವರ್ಷಕ್ಕೆ ಬರುವ ಖಾಯಂ ದವಡೆ ಹಲ್ಲಿಗೆ ಸೀಳು ಮುಚ್ಚುವ ಸೀಲೆಂಟ್ ಎಂಬ ಲೇಪ ಹಾಕಿಸುವುದೇ ಸರಿ.

ಪೇಸ್ಟ್: ಎಷ್ಟು, ಯಾವುದು

ಟ್ಯೂಬ್ ತಿರುಗಿಸಿ ಹಿಂದೆ ಓದಿ. ಭಾರತದಲ್ಲಿ ಟೂತ್‌ಪೇಸ್ಟಿನ ಫ್ಲೋರೈಡ್ ಗರಿಷ್ಠ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು), ಪ್ರಮಾಣವನ್ನು ಟ್ಯೂಬಿನ ಮೇಲೆ ಮುದ್ರಿಸಲೇಬೇಕು. ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ 0.76% ಎಂದಿದ್ದರೂ ಸೋಡಿಯಂ ಫ್ಲೋರೈಡ್ 0.22% ಎಂದಿದ್ದರೂ ಲೆಕ್ಕ ಒಂದೇ, ಸುಮಾರು 1000 ಪಿಪಿಎಂ. ಒಂದು ಜೋಡಿ ಮಾತ್ರ ನೋಡಿಕೊಳ್ಳಿ: ಉಜ್ಜುವ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪುಡಿಯಾಗಿದ್ದು, ಫ್ಲೋರೈಡ್ ಸೋಡಿಯಂ ಫ್ಲೋರೈಡ್ ರೂಪದಲ್ಲಿದ್ದರೆ ಎರಡೂ ಟ್ಯೂಬಿನೊಳಗೇ ಕೂಡಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿಬಿಡುತ್ತವೆ, ಹಲ್ಲಿಗೆ ಸಿಗುವುದು ಕಡಿಮೆ. ಸುಣ್ಣದ ಕಲ್ಲಿನ ಪುಡಿಯ ಜೊತೆ ಮೊನೊಫ್ಲೋರೋಫಾಸ್ಫೇಟ್, ಸಿಲಿಕಾ ಜೊತೆ ಸೋಡಿಯಂ ಫ್ಲೋರೈಡ್, ಹೀಗಿದ್ದರೆ ಸರಿ. ಮೊನೊಫ್ಲೋರೋಫಾಸ್ಫೇಟ್ ಬಾಯಲ್ಲಿನ ಫಾಸ್ಫಟೇಸ್ ಎಂಬ ಕಿಣ್ವದಿಂದ ಒಡೆದ ಮೇಲೆ ಫ್ಲೋರೈಡ್ ಬಿಡುತ್ತದೆ, ಹಾಗಾಗಿ ಅದಕ್ಕೆ ಸಮಯ ಬೇಕು. ಮೂವತ್ತು ಸೆಕೆಂಡ್ ಉಜ್ಜಿ ಉಗುಳಿದರೆ ಬೆಲೆ ಕೊಟ್ಟ ಫ್ಲೋರೈಡ್ ಬೇಸಿನ್‌ಗೆ ಹೋಯಿತು. ಎರಡು ನಿಮಿಷ ಬೇಕು.

ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಸುಮಾರು 0.1 ಗ್ರಾಂ. ಇಲ್ಲಿ ಒಂದು ಊರಿನ ಎಚ್ಚರಿಕೆ: ಬೆಂದ ಕುಚ್ಚಲಕ್ಕಿಯ ಅಗಳಲ್ಲ, ಬೇಯದ ಬೆಳ್ತಿಗೆ ಅಕ್ಕಿಯ ಕಾಳು. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು, 0.25 ಗ್ರಾಂ. ಜಾಹೀರಾತಿನಲ್ಲಿ ಬ್ರಷ್ ಉದ್ದಕ್ಕೂ ಸುರುಳಿ ಬಿಡುವ ಪೇಸ್ಟ್ ಇದರ ಎಷ್ಟೋ ಪಟ್ಟು. 0.25 ಗ್ರಾಂ ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು 0.25 ಮಿ.ಗ್ರಾಂ ಫ್ಲೋರೈಡ್. ತುರ್ತು ಚಿಕಿತ್ಸೆ ಬೇಕಾಗುವ ಮಟ್ಟವೆಂದರೆ ದೇಹದ ತೂಕದ ಕಿಲೋಗೆ 5 ಮಿ.ಗ್ರಾಂ, ಹತ್ತು ಕಿಲೋದ ಮಗು 1000 ಪಿಪಿಎಂ ಪೇಸ್ಟನ್ನು ಒಂದೇ ಸಲ 50 ಗ್ರಾಂ ತಿಂದಂತೆ. ಅದು ಅರ್ಧ ಟ್ಯೂಬ್, ಸಿಹಿ ರುಚಿಯ ಮಕ್ಕಳ ಪೇಸ್ಟಿನಲ್ಲಿ ಅಸಾಧ್ಯವೇನಲ್ಲ, ಆದ್ದರಿಂದ ಟ್ಯೂಬ್ ಎತ್ತರದಲ್ಲಿಡಿ. ಹೆಚ್ಚು ನುಂಗಿದ್ದು ಗೊತ್ತಾದರೆ ಹಾಲು ಕುಡಿಸಿ, ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದುಕೊಳ್ಳುತ್ತದೆ. ಕುಡಿಸಿದ ಕೂಡಲೇ ಆಸ್ಪತ್ರೆಗೆ ಹೊರಡಿ. ದಿನವೂ ಸ್ವಲ್ಪ ಸ್ವಲ್ಪ ಹೆಚ್ಚು ನುಂಗುವುದರ ತೊಂದರೆ ಬೇರೆ, ಖಾಯಂ ಹಲ್ಲಿನ ಮೇಲೆ ಬಿಳಿ ಮಚ್ಚೆ. ಅಕ್ಕಿ ಕಾಳಿನ ಅಳತೆ ಇರುವುದು ಅದಕ್ಕಾಗಿ.

ಉಜ್ಜಿದ ಮೇಲೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ಈ ಒಂದು ಮಾತಿಗೆ ನಮ್ಮಲ್ಲಿ ಸಿಗುವಷ್ಟು ವಿರೋಧ ಬೇರಾವುದಕ್ಕೂ ಇಲ್ಲ. ಬಾಯಿ ತೊಳೆಯದಿದ್ದರೆ ಮೈಲಿಗೆ ಅನ್ನಿಸುತ್ತದೆ. ಉಪ್ಪುನೀರು ಬೇಕೆಂದರೆ ಉಜ್ಜುವ ಮೊದಲು ಮಾಡಿ. ರಾತ್ರಿ ಜೊಲ್ಲು ಕಡಿಮೆಯಾಗುವುದರಿಂದ ಮಲಗುವ ಮುನ್ನ ಉಜ್ಜಿ ಉಳಿಸಿಕೊಂಡ ಫ್ಲೋರೈಡ್ ಹೆಚ್ಚು ಹೊತ್ತು ನಿಲ್ಲುತ್ತದೆ. ಉಜ್ಜಿದ ಮೇಲೆ ಬೆಲ್ಲ ಹಾಕಿದ ಕಷಾಯ ಕೊಟ್ಟರೆ ಅಷ್ಟೂ ಹೋಯಿತು. ಒಂದು ಸಲ ಸಿಹಿ ತಿಂದರೆ ಪದರದ ಪಿಎಚ್ ಕೆಲವೇ ನಿಮಿಷಗಳಲ್ಲಿ ಕುಸಿದು, ಮೇಲೇಳಲು ಅರ್ಧದಿಂದ ಒಂದು ಗಂಟೆ ತೆಗೆದುಕೊಳ್ಳುತ್ತದೆ. ಊಟದ ಜೊತೆ ಎರಡು ಹೋಳಿಗೆ ತಿನ್ನುವುದಕ್ಕಿಂತ ಸಂಜೆಯಿಡೀ ಬನ್ಸ್ ಚೂರು, ಸಿಹಿ ಚಹಾ, ಮತ್ತೆ ಬನ್ಸ್ ಎನ್ನುವುದು ಹಲ್ಲಿಗೆ ಕೆಟ್ಟದ್ದು.

ಅಂಗಡಿಯಲ್ಲಿ ಈಗ ನಿಜಕ್ಕೂ ಸಿಗುವ ನ್ಯಾನೋಕಣ ಹೈಡ್ರಾಕ್ಸಿಅಪಟೈಟ್. ಇದು ಹಲ್ಲಿನದೇ ಖನಿಜ, ಅತಿ ಸಣ್ಣ ಕಣಗಳಾಗಿ. ಸವೆದ ಜಾಗಕ್ಕೆ, ಜುಂ ಎನ್ನುವ ಹಲ್ಲಿನ ತೆರೆದ ನಾಳಗಳಿಗೆ ಇದು ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ. ಪ್ರಮಾಣ ಬರೆಯದೆ ಬರೀ ನ್ಯಾನೋ ಎಂದು ಮುದ್ರಿಸಿದ ಪೇಸ್ಟಿಗೆ ಹಣ ಕೊಡಬೇಡಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿರುವುದು 10%. ಉಗುಳಲು ಬಾರದ ಮಗುವಿಗೆ, ಜುಂ ಎನ್ನುವ ಹಲ್ಲಿನ ದೊಡ್ಡವರಿಗೆ ಬೆಳಗಿನ ಹೊತ್ತು ಬಳಸಬಹುದು. ಹುಳುಕು ಈಗಾಗಲೇ ಕಾಣಿಸಿಕೊಂಡ ಬಾಯಿಗೆ ರಾತ್ರಿಯ ಫ್ಲೋರೈಡ್ ಬಿಟ್ಟು ಇದೊಂದನ್ನೇ ನಂಬುವುದು ಬೇಡ.

ಕ್ಲಿನಿಕ್‌ನಲ್ಲಿ: ವಾರ್ನಿಷ್ ಮತ್ತು ಬೆಳ್ಳಿ

ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪವಾದ ವಾರ್ನಿಷ್ ಸುಲಭ. 5% ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ. ಹಾಲುಹಲ್ಲಿನ ಬಾಯಿಗೆ 0.25 ಮಿ.ಲೀ. ಸಾಕು. ಹತ್ತಿಯಿಂದ ಒರೆಸಿ ತೆಳ್ಳಗೆ ಬಳಿದರೆ ಜೊಲ್ಲು ತಾಗುತ್ತಲೇ ಗಟ್ಟಿಯಾಗುತ್ತದೆ. ದಪ್ಪ ಬಳಿದರೆ ಲಾಭವಿಲ್ಲ, ಮಗು ಅದನ್ನು ಕಿತ್ತು ನುಂಗುತ್ತದೆ. ಅಂದು ಬಿಸಿ ಚಹಾ, ಚಕ್ಕುಲಿ, ಬ್ರಷ್ ಮೂರೂ ಬೇಡ. ಮರುದಿನ ಬೆಳಿಗ್ಗೆ ಉಜ್ಜಿದರಾಯಿತು. ಉಡುಪಿಯಲ್ಲಿ ಅಷ್ಟಮಿಯ ಉಂಡೆ-ಚಕ್ಕುಲಿ ಮನೆಯಲ್ಲಿರುವ ವಾರ ವಾರ್ನಿಷ್‌ಗೆ ದಿನ ಗೊತ್ತು ಮಾಡುವುದು ಬುದ್ಧಿವಂತಿಕೆಯಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಮತ್ತೆ. ಪೈನ್ ಮರದ ರಾಳಕ್ಕೆ ಅಲರ್ಜಿ ಇದ್ದವರಿಗೆ ಹಚ್ಚಬಾರದು.

ಈಗಾಗಲೇ ತೂತಾದ ಹಾಲುಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್, ಚಿಕ್ಕದಾಗಿ ಎಸ್‌ಡಿಎಫ್. 38% ದ್ರಾವಣದಲ್ಲಿ ಸುಮಾರು 44,800 ಪಿಪಿಎಂ ಫ್ಲೋರೈಡ್, ತೂಕದ ಕಾಲುಭಾಗದಷ್ಟು ಬೆಳ್ಳಿ. ಇದು ನ್ಯಾನೋಕಣವಲ್ಲ, ಬೆಳ್ಳಿಯ ಅಯಾನುಗಳ ದ್ರಾವಣ. ಆದರೆ ಬೆಳ್ಳಿ ಮತ್ತು ಫ್ಲೋರೈಡ್ ಜೊತೆಯಾಗಿ ಪದರವನ್ನೂ ಹಲ್ಲನ್ನೂ ಒಟ್ಟಿಗೆ ನೋಡಿಕೊಳ್ಳುವ ಮದ್ದುಗಳಲ್ಲಿ ಕೈಗೆ ಸಿಗುವಂಥದ್ದು ಇದೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಡ್ರಿಲ್ ಬೇಡ, ಕಂಪ್ರೆಸರ್ ಬೇಡ, ಕರೆಂಟೂ ಬೇಡ. ಬೈಂದೂರು, ಕಾರ್ಕಳ ಕಡೆಯ ಅಂಗನವಾಡಿ ಶಿಬಿರಕ್ಕೆ ಹೇಳಿಮಾಡಿಸಿದ ಮದ್ದು.

ಮೊದಲು ಯಾವ ಹಲ್ಲಿಗೆ ಹಚ್ಚುವುದೆಂದು ಆರಿಸಿಕೊಳ್ಳಿ. ರಾತ್ರಿ ಎಬ್ಬಿಸುವ ನೋವು, ವಸಡಿನಲ್ಲಿ ಕೀವುಗುಳ್ಳೆ, ಮುಖದ ಬಾವು ಇದ್ದರೆ ಹುಳುಕು ನರಕ್ಕೆ ತಲುಪಿದೆ, ಅಲ್ಲಿ ಎಸ್‌ಡಿಎಫ್ ಬೇಡ. ಬೆಳ್ಳಿಗೆ ಅಲರ್ಜಿ, ಬಾಯಿತುಂಬ ಹುಣ್ಣು ಇದ್ದರೂ ಬೇಡ. ಎರಡನೆಯದು ಅಪ್ಪ-ಅಮ್ಮನಿಗೆ ಫೋಟೋ ತೋರಿಸುವುದು: ಹುಳುಕಿನ ಜಾಗ ಖಾಯಂ ಕಪ್ಪಾಗುತ್ತದೆ. ಬಾಯಿಮಾತಿನಲ್ಲಿ ಸ್ವಲ್ಪ ಬಣ್ಣ ಬದಲಾಗುತ್ತದೆ ಎಂದಷ್ಟೇ ಹೇಳಿ ಮುಂದಿನ ಹಲ್ಲಿಗೆ ಹಚ್ಚಿದರೆ ಜಗಳ ಖಂಡಿತ.

ಕೌಂಟರ್ ಮೇಲೆ ಪ್ಲಾಸ್ಟಿಕ್ ಹಾಸಿ, ಮಗುವಿನ ಎದೆಗೆ ಪ್ಲಾಸ್ಟಿಕ್ ಬಿಬ್, ತುಟಿಗೂ ಹತ್ತಿರದ ವಸಡಿಗೂ ವ್ಯಾಸಲಿನ್. ತೂತಿನಲ್ಲಿ ಸಿಕ್ಕಿದ ಅನ್ನ, ಲೋಳೆ ತೆಗೆಯಿರಿ. ಮೆತ್ತಗಾದ ಭಾಗವನ್ನೆಲ್ಲ ಕೆರೆಯಬೇಕಿಲ್ಲ. ಹತ್ತಿ ಸುರುಳಿ ಇಟ್ಟು ಒಣಗಿಸಿ. ಒಂದು ಹನಿಯನ್ನು ಪ್ಲಾಸ್ಟಿಕ್ ತಟ್ಟೆಗೆ ಹಾಕಿ, ಅದೂ ಹಚ್ಚುವ ಕ್ಷಣಕ್ಕೆ ಮುಂಚೆ: ಹೊತ್ತು ಬಿಟ್ಟರೆ ಅಮೋನಿಯಾ ಆರಿ ದ್ರಾವಣ ಕೆಡುತ್ತದೆ, ಬೆಳಕಿಗೆ ಕಪ್ಪಾಗುತ್ತದೆ. ಒಂದು ಹನಿ ಐದು ಹಲ್ಲಿಗೆ ಸಾಕು. ದೇಹದ ತೂಕದ ಪ್ರತಿ 10 ಕಿಲೋಗೆ ಒಂದು ಹನಿಗಿಂತ ಹೆಚ್ಚು ಒಂದೇ ದಿನ ಬೇಡ. ಮೈಕ್ರೋಬ್ರಷ್ ಅದ್ದಿ, ಅಂಚಿಗೆ ತಾಗಿಸಿ ಹೆಚ್ಚಿನದನ್ನು ಇಳಿಸಿ, ಹುಳುಕಿನ ಮೇಲೆ ಮಾತ್ರ ಒಂದು ನಿಮಿಷ ಒತ್ತಿ ಹಚ್ಚಿ. ಇನ್ನೂ ಒಂದೆರಡು ನಿಮಿಷ ಒಣಗಿರಲಿ. ಉಳಿದದ್ದನ್ನು ಹತ್ತಿಯಿಂದ ಒತ್ತಿ ತೆಗೆದು, ಲೋಹದ ಕಹಿ ರುಚಿ ತಡೆಯಲು ಮೇಲೆ ವಾರ್ನಿಷ್ ಎಳೆಯಿರಿ.

ಕೆಡುವುದು ಹೆಚ್ಚಾಗಿ ಒಣಗಿಸುವಲ್ಲಿ. ಜೊಲ್ಲಿನಲ್ಲಿ ಕ್ಲೋರೈಡ್ ಇದೆ, ಪ್ರೋಟೀನ್ ಇದೆ. ಬೆಳ್ಳಿ ಹುಳುಕಿನೊಳಗೆ ಇಳಿಯುವ ಮೊದಲೇ ಅವುಗಳ ಜೊತೆ ಬಿಳಿ ಕೆಸರಾಗಿ ನಿಂತುಬಿಡುತ್ತದೆ. ಎರಡರಿಂದ ನಾಲ್ಕು ವಾರ ಬಿಟ್ಟು ನೋಡಿ: ಕಪ್ಪಾಗಿ, ಉಪಕರಣದ ತುದಿಗೆ ಗಟ್ಟಿಯಾಗಿ ತಾಗಿದರೆ ಹುಳುಕು ನಿಂತಿದೆ, ಕಂದು ಬಣ್ಣದಲ್ಲಿ ಮೆತ್ತಗಿದ್ದರೆ ಇನ್ನೊಮ್ಮೆ ಹಚ್ಚಬೇಕು. ಆರು ತಿಂಗಳಿಗೊಮ್ಮೆ ಹಚ್ಚಿದರೆ ವರ್ಷಕ್ಕೊಮ್ಮೆ ಹಚ್ಚುವುದಕ್ಕಿಂತ ಫಲ ಹೆಚ್ಚು. ಚರ್ಮಕ್ಕೆ ತಾಗಿದ ಕಲೆ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ, ಬಟ್ಟೆಯದು ಹೋಗುವುದಿಲ್ಲ.

ಆ ಕಪ್ಪು ಬಣ್ಣ ತಪ್ಪಿಸಲೆಂದೇ ಬಂದದ್ದು ನ್ಯಾನೋ ಸಿಲ್ವರ್ ಫ್ಲೋರೈಡ್. ಬ್ರೆಜಿಲ್‌ನಲ್ಲಿ ರೂಪುಗೊಂಡ ಇದರ ಮಿಲಿಲೀಟರಿನಲ್ಲಿ ಬೆಳ್ಳಿಯ ನ್ಯಾನೋಕಣ 376.5 ಮೈಕ್ರೋಗ್ರಾಂ, ಕೈಟೊಸಾನ್ 28,585 ಮೈಕ್ರೋಗ್ರಾಂ, ಸೋಡಿಯಂ ಫ್ಲೋರೈಡ್ 5,028 ಮೈಕ್ರೋಗ್ರಾಂ. ಎಸ್‌ಡಿಎಫ್‌ನಲ್ಲಿರುವ ಬೆಳ್ಳಿಯ ಮುಂದೆ ಇದು ಏನೂ ಅಲ್ಲ. ಆದರೂ ಕೆಲಸ ಮಾಡುವುದಕ್ಕೆ ಕಾರಣ ಮೇಲ್ಮೈ: ಒಂದು ಮಿ.ಮೀ. ಘನವನ್ನು 10 ನ್ಯಾನೋಮೀಟರಿನ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ ಲಕ್ಷ ಪಟ್ಟಾಗುತ್ತದೆ. 2014ರಲ್ಲಿ ಪ್ರಕಟವಾದ ಮಕ್ಕಳ ಪ್ರಯೋಗದಲ್ಲಿ ಒಮ್ಮೆ ಹಚ್ಚಿ ಒಂದು ವರ್ಷದ ಬಳಿಕ ನೋಡಿದಾಗ 66.7% ಹಲ್ಲುಗಳಲ್ಲಿ ಹುಳುಕು ನಿಂತಿತ್ತು, ಹಚ್ಚದ ಗುಂಪಿನಲ್ಲಿ 34.7%. ಕೈಟೊಸಾನ್ ಸಿಗಡಿ, ಏಡಿಯ ಚಿಪ್ಪಿನಿಂದ ಬರುವ ವಸ್ತು. ಮಲ್ಪೆಯವರಿಗೆ ಚಿಪ್ಪು ಹೊಸದಲ್ಲ, ಆದರೆ ಸಿಗಡಿ ಅಲರ್ಜಿ ಇದೆಯೇ ಎಂದು ಹಚ್ಚುವ ಮೊದಲು ಕೇಳಬೇಕು. ಒಳ್ಳೆಯ ದ್ರಾವಣ ಹಳದಿಯಾಗಿ ತಿಳಿಯಾಗಿರುತ್ತದೆ. ಬೂದು ಬಣ್ಣಕ್ಕೆ ತಿರುಗಿ ತಳದಲ್ಲಿ ಮಡ್ಡಿ ಕಂಡರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿವೆ, ಚೆಲ್ಲಿಬಿಡಿ. ಮನೆಯಲ್ಲಿ ಬ್ಯಾಟರಿ ಜೋಡಿಸಿ ಬೆಳ್ಳಿ ನೀರು ಮಾಡಿ ಮುಕ್ಕಳಿಸುವ ಸಲಹೆಗಳನ್ನು ಕಿವಿಗೆ ಹಾಕಿಕೊಳ್ಳಬೇಡಿ: ಕಣದ ಗಾತ್ರ ಗೊತ್ತಿಲ್ಲ, ಪ್ರಮಾಣ ಗೊತ್ತಿಲ್ಲ, ಬಹಳ ಕಾಲ ನುಂಗಿದರೆ ಚರ್ಮ ನೀಲಿ-ಬೂದಿಯಾಗಿ ಹಾಗೆಯೇ ಉಳಿಯುತ್ತದೆ.

ಕಬ್ಬಿಣ ಮತ್ತು ತವರ, ಲ್ಯಾಬಿನ ಮೇಜಿನ ಮೇಲೆ

ಇನ್ನೊಂದು ದಾರಿ ಕಬ್ಬಿಣದ್ದು. ಫೆರುಮಾಕ್ಸಿಟಾಲ್ ಎಂಬ ಐರನ್ ಆಕ್ಸೈಡ್ ನ್ಯಾನೋಕಣ ರಕ್ತಹೀನತೆಗೆ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹ್ಯುನ್ ಕೂ ಅವರ ತಂಡ ಇದನ್ನು ಹಲ್ಲಿನ ಪದರದ ಮೇಲೆ ಬಳಸಿ ನೋಡಿತು. ಆಮ್ಲೀಯ ಜಾಗದಲ್ಲಿ ಈ ಕಣ ಪೆರಾಕ್ಸಿಡೇಸ್ ಕಿಣ್ವದಂತೆ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುತ್ತದೆ. ಹುಟ್ಟುವ ರಾಡಿಕಲ್ ಎಂಬ ಅತಿ ಚುರುಕಿನ ಅಣುಗಳು ಬ್ಯಾಕ್ಟೀರಿಯಾವನ್ನು ಕೊಂದು ಗೋಂದನ್ನೂ ಕತ್ತರಿಸುತ್ತವೆ. ತಟಸ್ಥ ಪಿಎಚ್‌ನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಅಂದರೆ ಹುಳುಕು ಹುಟ್ಟುವ ಜಾಗದಲ್ಲೇ ಕೆಲಸ, ಬೇರೆಡೆ ಇಲ್ಲ. 2023ರಲ್ಲಿ ಅವರು ಇದಕ್ಕೆ ಸ್ಟ್ಯಾನಸ್ ಫ್ಲೋರೈಡ್ ಜೋಡಿಸಿದರು. ತವರದ ಈ ಫ್ಲೋರೈಡ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಆದರೆ ನೀರಿನಲ್ಲಿ ಬೇಗ ಆಕ್ಸಿಡೀಕರಣಗೊಂಡು ಮಡ್ಡಿಯಾಗುತ್ತದೆ. ಕಣದ ಹೊರಲೇಪ ತವರವನ್ನು ಹಿಡಿದು ಸ್ಥಿರಗೊಳಿಸಿತು, ತವರ ಕಣದ ಚಟುವಟಿಕೆ ಹೆಚ್ಚಿಸಿತು, ಎನಾಮೆಲ್ ಮೇಲೆ ಕಬ್ಬಿಣ-ತವರ-ಫ್ಲೋರೈಡಿನ ತೆಳು ಪದರ ಉಳಿಯಿತು. ಜೋಡಿಯನ್ನು ಪರೀಕ್ಷಿಸಿದ್ದು ಇಲಿಗಳಲ್ಲಿ. ಮನೆಯಲ್ಲಿ ಐರನ್ ಟಾನಿಕ್ ಬಾಯಲ್ಲಿ ಆಡಿಸಿದರೆ ಇದಾಗುವುದಿಲ್ಲ, ಹಲ್ಲು ಕಪ್ಪಾಗುತ್ತದೆ ಅಷ್ಟೆ.

ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿ ಇದೇ ಬಗೆಯ ವಿಷಯ ಹಿಡಿದ ಪಿಜಿ ವಿದ್ಯಾರ್ಥಿಗಳಿಗೆ ಕೆಲವು ಮಾತು. ಪೆಟ್ರಿ ತಟ್ಟೆಯಲ್ಲಿ ಮದ್ದಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಅಳೆದು ಅಂಟುಪದರದ ಬಗ್ಗೆ ತೀರ್ಮಾನ ಬರೆಯಬೇಡಿ. ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾ ಸಾಯುವ ಪ್ರಮಾಣದಲ್ಲಿ ಪದರದೊಳಗಿನದು ಸಾಯುವುದಿಲ್ಲ. ಹೈಡ್ರಾಕ್ಸಿಅಪಟೈಟ್ ಬಿಲ್ಲೆಗಳನ್ನು ಸೋಸಿದ ಜೊಲ್ಲಿನಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ನೆನೆಸಿ, 24 ಗುಳಿಯ ತಟ್ಟೆಯಲ್ಲಿ ಲಂಬವಾಗಿ ನಿಲ್ಲಿಸಿ, 1% ಸುಕ್ರೋಸ್ ಇರುವ ಮಾಧ್ಯಮದಲ್ಲಿ 5% ಇಂಗಾಲದ ಡೈಆಕ್ಸೈಡಿನಡಿ ಬೆಳೆಸಿ. ಅಡ್ಡ ಮಲಗಿಸಿದರೆ ತಾನಾಗಿ ಕೆಳಗೆ ಕುಳಿತ ಕೋಶಗಳೂ ಪದರದ ಲೆಕ್ಕಕ್ಕೆ ಬಂದುಬಿಡುತ್ತವೆ. ಸುಕ್ರೋಸ್ ಮರೆತು ಗ್ಲೂಕೋಸ್ ಹಾಕಿದರೆ ಗೋಂದೇ ಹುಟ್ಟುವುದಿಲ್ಲ. ಮದ್ದಿನಲ್ಲಿ 24 ಗಂಟೆ ಮುಳುಗಿಸಿಡಬೇಡಿ, ಬಾಯಲ್ಲಿ ಯಾವ ಮದ್ದೂ ಅಷ್ಟು ಹೊತ್ತು ನಿಲ್ಲದು. ದಿನಕ್ಕೆರಡು ಬಾರಿ 10 ನಿಮಿಷ ಅದ್ದಿ ತೆಗೆಯಿರಿ. ಪೆರಾಕ್ಸೈಡ್ ಹಂತಕ್ಕೆ ಮೆಡಿಕಲ್ ಅಂಗಡಿಯ ಬಾಟಲಿ ತಂದರೆ ಅದರ ಮೇಲಿನ ಪ್ರಮಾಣ ಓದಿ, ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 6%; ವಿದೇಶಿ ಪ್ರಬಂಧದ 3%ರ ಲೆಕ್ಕದಲ್ಲಿ ನೀರು ಬೆರೆಸಿದರೆ ಎರಡು ಪಟ್ಟು ಗಟ್ಟಿಯಾಗಿ, ಕಣವಿಲ್ಲದ ಗುಂಪಿನಲ್ಲೂ ಬ್ಯಾಕ್ಟೀರಿಯಾ ಸತ್ತು ಬೀಳುತ್ತದೆ. ಸ್ಟ್ಯಾನಸ್ ಫ್ಲೋರೈಡ್ ದ್ರಾವಣವನ್ನು ಆಯಾ ಹೊತ್ತಿಗೇ ಮಾಡಿಕೊಳ್ಳಿ, ಮೋಡಗಟ್ಟಿದ್ದನ್ನು ಬಳಸಬೇಡಿ.

ಗುಂಪುಗಳಲ್ಲಿ ಫ್ಲೋರೈಡ್ ಮಾತ್ರ, ಕಣ ಮಾತ್ರ, ಎರಡೂ ಕೂಡಿದ್ದು, ಏನೂ ಇಲ್ಲದ್ದು ಇರಲೇಬೇಕು. ಬೆಳ್ಳಿ-ಕೈಟೊಸಾನ್ ಆದರೆ ಕೈಟೊಸಾನ್ ಒಂದೇ ಇರುವ ಗುಂಪೂ ಬೇಕು, ಏಕೆಂದರೆ ಅದೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಬ್ಯಾಕ್ಟೀರಿಯಾ ಬೆಳೆಸುವ ಬಿಎಚ್‌ಐ (ಬ್ರೈನ್ ಹಾರ್ಟ್ ಇನ್ಫ್ಯೂಷನ್) ಮಾಧ್ಯಮದಲ್ಲೂ ಸಲೈನ್‌ನಲ್ಲೂ ಕ್ಲೋರೈಡ್ ಇರುವುದರಿಂದ ಕಣ ಬಿಡುವ ಬೆಳ್ಳಿಯ ಅಯಾನುಗಳು ಸಿಲ್ವರ್ ಕ್ಲೋರೈಡಾಗಿ ತಳ ಸೇರುತ್ತವೆ, ಮದ್ದು ದುರ್ಬಲವೆಂಬ ತಪ್ಪು ಉತ್ತರ ಬರುತ್ತದೆ. ಉಲ್ಟಾ ತಪ್ಪೂ ಇದೆ: ಪದರವನ್ನು ಕೆರೆದು ಅಗಾರ್ ಮೇಲೆ ಹರಡುವಾಗ ಜೊತೆಗೆ ಬಂದ ಬೆಳ್ಳಿ ತಟ್ಟೆಯ ಮೇಲೂ ಕೊಲ್ಲುತ್ತಲೇ ಇರುತ್ತದೆ. ಹರಡುವ ಮೊದಲು ಸೋಡಿಯಂ ಥಯೋಗ್ಲೈಕೊಲೇಟ್‌ನಿಂದ ಬೆಳ್ಳಿಯನ್ನು ಕಟ್ಟಿಹಾಕಿ, ಆ ಥಯೋಗ್ಲೈಕೊಲೇಟ್ ತಾನೇ ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ ಎಂದು ಬೇರೊಂದು ತಟ್ಟೆಯಲ್ಲಿ ನೋಡಿಕೊಳ್ಳಿ. ಎಣಿಸುವ ಮುನ್ನ ಐಸ್ ಮೇಲಿಟ್ಟು ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಗಂಟು ಬಿಡಿಸಿ), ಇಲ್ಲದಿದ್ದರೆ ನೂರು ಕೋಶದ ಗಂಟೂ ಒಂದೇ ಕಾಲೊನಿಯಾಗಿ ಲೆಕ್ಕಕ್ಕೆ ಬರುತ್ತದೆ. ಕ್ರಿಸ್ಟಲ್ ವಯೊಲೆಟ್ ಬಣ್ಣ ಸತ್ತ ಕೋಶಕ್ಕೂ ಗೋಂದಿಗೂ ಹತ್ತುತ್ತದೆ, ಅದರಿಂದ ಪದರದ ಗಾತ್ರ ಹೇಳಬಹುದು, ಸಾವು ಹೇಳಲಾಗದು. ಪ್ರತಿ ಸಲ ಮಾಧ್ಯಮ ಬದಲಿಸುವಾಗ ಹಳೆಯದರ ಪಿಎಚ್ ಬರೆದಿಡಿ. ಕಾಲೊನಿ ಕಡಿಮೆಯಾಗಿಯೂ ಪಿಎಚ್ 5.5ರ ಕೆಳಗೇ ನಿಂತಿದ್ದರೆ ಆ ಮದ್ದಿನಿಂದ ಹಲ್ಲಿಗೆ ಪ್ರಯೋಜನವಿಲ್ಲ.